ಆನೆ ನಡೆದದ್ದೇ ದಾರಿಯೆ?

ಆನೆಯನ್ನು ಊರಿಂದೂರಿಗೆ ಸಾಗಿಸುವುದು ವಿಜಯಪುರಕ್ಕೆ ಹೊಸ ಸಂಗತಿಯಲ್ಲ. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ರಾಯಭಾರಿಯಾಗಿ ಇಲ್ಲಿಗೆ ಬಂದಿದ್ದ ಅಸದ್ ಬೇಗನು ಹಿಂದಿರುಗಿದಾಗ, ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಣಿಕೆಗಳೊಡನೆ ಚಂಚಲ ಎಂಬ ಆನೆಯೂ ಮೊಗಲರ ಆಸ್ಥಾನಕ್ಕೆ ಹೋಯಿತು. ಅದೇ ಇಬ್ರಾಹಿಮನು ತನ್ನ ‘ಕಿತಾಬ್-ಎ-ನೌರಸ್’ನಲ್ಲಿ ಮೋತಿಖಾನ್ ಎಂಬ ತಂಬೂರಿಯ ಜೊತೆಗೆ ಆತಿಶ್ ಖಾನ್ ಎಂಬ ಆನೆಯನ್ನೂ ಹೆಸರಿಟ್ಟು ಹಾಡಿದನು. ಹಾಡಿದ್ದು ಒಲವಿನಿಂದ, ಕಳುಹಿಸಿದ್ದು ರಾಜಕಾರಣದಿಂದ. ಆನೆಯೊಡನೆ ನಮಗಿರುವ ಸಂಬಂಧದಲ್ಲಿ ಈ ಎರಡೂ ಅಂದಿನಿಂದ ಬೆರೆತುಕೊಂಡೇ ಬಂದಿವೆ.

ಇಂದು ಈ ಜಿಲ್ಲೆಯಲ್ಲಿ ಆನೆಯ ಕಾಡಿಲ್ಲ. ತಿಕೋಟಾದ ದ್ರಾಕ್ಷಿ ತೋಟಗಳ ನಡುವೆಯೋ ಬಬಲೇಶ್ವರದ ಜೋಳದ ಹೊಲಗಳ ಅಂಚಿನಲ್ಲಿಯೋ ಬೆಳೆಯುವ ಮಗುವಿಗೆ ಆನೆಯ ದರ್ಶನವಾಗುವುದು ಬಹುಮಟ್ಟಿಗೆ ಶಾಲೆಯ ಪ್ರವಾಸದಲ್ಲಿ, ಮೈಸೂರಿನಲ್ಲಿ ಅಥವಾ ಬನ್ನೇರುಘಟ್ಟದಲ್ಲಿ. ಆದುದರಿಂದ ಮೃಗಾಲಯದ ಆನೆಗಳ ಭವಿಷ್ಯವು ಕಾಡಂಚಿನವರ ಚಿಂತೆ ಮಾತ್ರವಲ್ಲ, ನಮ್ಮದೂ ಹೌದು.

2025ರ ಜುಲೈ ತಿಂಗಳಿನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದ ಸುರೇಶ, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಎಳೆಯ ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ಹೋದವು. ಅವುಗಳಿಗೆ ಪ್ರತಿಯಾಗಿ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿ ಮೊದಲಾದ ಪ್ರಾಣಿಗಳನ್ನು ಪಡೆಯುವುದೆಂದು ಒಪ್ಪಂದ. 2021ರಲ್ಲಿ ಮೈಸೂರಿನ ಮೂರು ಆನೆಗಳು ಅದೇ ದೇಶದ ಟೊಯೊಹಾಶಿಗೆ ಹೋಗಿದ್ದವು. ಈ ಕಾರ್ಯ ಅಜಾಗರೂಕತೆಯಿಂದ ನಡೆಯಿತೆಂದು ಯಾರೂ ಹೇಳಲಾರರು. ಪೆಟ್ಟಿಗೆಯೊಳಗೆ ನಿಲ್ಲುವುದನ್ನು ಆನೆಗಳಿಗೆ ತಿಂಗಳುಗಟ್ಟಲೆ ರೂಢಿ ಮಾಡಿಸಲಾಯಿತು. ಜಪಾನಿನ ಪಾಲಕರು ಮೊದಲೇ ಇಲ್ಲಿಗೆ ಬಂದು ಕಲಿತರು. ಪಾಲಕರೂ ವೈದ್ಯರೂ ಜೊತೆಯಲ್ಲಿ ಹೋದರು. ಬನ್ನೇರುಘಟ್ಟದ ಕಷ್ಟವೂ ನಿಜವೇ. ಅಲ್ಲಿಯ ಹೆಣ್ಣಾನೆಗಳು ಪಕ್ಕದ ಕಾಡಿನಲ್ಲಿ ಮೇಯುವಾಗ ಕಾಡಿನ ಸಲಗಗಳ ಸಂಗವಾಗಿ ಮರಿಗಳು ಹುಟ್ಟುತ್ತವೆ. ಹಿಂಡು ಬೆಳೆದಂತೆ ಸ್ಥಳ ಸಾಲದಾಗುತ್ತದೆ.

ಜಪಾನಿಗೆ ಆನೆ ಕಳುಹಿಸಿದ ಕಥೆಯಲ್ಲಿ ಮನಮಿಡಿಯುವ ಅಧ್ಯಾಯವೊಂದುಂಟು. ಯುದ್ಧಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಎನೊ ಮೃಗಾಲಯದ ಆನೆಗಳನ್ನು ಉಪವಾಸ ಕೆಡವಿ ಕೊಲ್ಲಲಾಗಿತ್ತು. ಆನೆ ಬೇಕೆಂದು ಅಲ್ಲಿಯ ಮಕ್ಕಳು ಬರೆದ ಪತ್ರಗಳಿಗೆ ಓಗೊಟ್ಟು ನೆಹರೂ ಅವರು 1949ರಲ್ಲಿ ಮೈಸೂರು ಸೀಮೆಯ ಆನೆಯೊಂದಕ್ಕೆ ಮಗಳ ಹೆಸರಿಟ್ಟು ಕಳುಹಿಸಿದರು. ಆ ಇಂದಿರೆಗೆ ತಿಳಿಯುತ್ತಿದ್ದುದು ಕನ್ನಡದ ಆಜ್ಞೆಗಳು. ಜಪಾನಿನ ಪಾಲಕರು ನಮ್ಮ ಮಾವುತರಿಂದ ಆ ಮಾತುಗಳನ್ನು ಕಲಿಯಬೇಕಾಯಿತು. ನೊಂದ ಮಕ್ಕಳಿಗೆ ನಗು ತಂದ ಆ ಕಾಣಿಕೆಯನ್ನು ಹಗುರಾಗಿ ಕಾಣುವುದು ಸಲ್ಲದು. ಆದರೆ ಅದೇ ವರ್ಷ ಥಾಯ್ಲೆಂಡಿನಿಂದ ಅಲ್ಲಿಗೆ ಹೋದ ಹನಕೊ ಎಂಬ ಹೆಣ್ಣಾನೆ, 1954ರಲ್ಲಿ ಬೇರೊಂದು ಮೃಗಾಲಯ ಸೇರಿ, ಆಯುಷ್ಯದ ಬಹುಭಾಗವನ್ನು ಸಿಮೆಂಟಿನ ಅಂಗಳದಲ್ಲಿ ಒಂಟಿಯಾಗಿ ಕಳೆದು 2016ರಲ್ಲಿ ಸತ್ತಿತು. ಮಕ್ಕಳ ಸಂತೋಷಕ್ಕೆ ಆನೆ ತೆರುವ ಬೆಲೆ ಎಷ್ಟೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ.

ಹೆಣ್ಣಾನೆ ಹುಟ್ಟಿದ ಹಿಂಡನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ತಾಯಿ, ಚಿಕ್ಕಮ್ಮ, ಅಜ್ಜಿಯರ ನಡುವೆಯೇ ಅದು ಬಾಳುತ್ತದೆ. ಗಂಡುಮರಿ ಮಾತ್ರ ಪ್ರಾಯಕ್ಕೆ ಬಂದಂತೆ ದೂರ ಸರಿಯುತ್ತದೆ. ಹಿಮೇಜಿಗೆ ಹೋದ ನಾಲ್ಕರಲ್ಲಿ ಮೂರು ಹೆಣ್ಣು, ವಯಸ್ಸು ಹತ್ತರೊಳಗೆ. 1984ರಲ್ಲಿ ಕೇಟಿ ಪೇನ್ ಎಂಬ ವಿದುಷಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದ ಆನೆಗಳ ಬಳಿ ನಿಂತಾಗ ಗಾಳಿಯಲ್ಲೊಂದು ಕಂಪನವನ್ನು ಅನುಭವಿಸಿದರು. ಮನುಷ್ಯನ ಕಿವಿಗೆ ನಿಲುಕದ ಮಂದ್ರಸ್ವರದಲ್ಲಿ ಆನೆಗಳು ತಮ್ಮತಮ್ಮಲ್ಲಿ ಮಾತಾಡುತ್ತವೆಂಬುದು ಲೋಕಕ್ಕೆ ತಿಳಿದದ್ದು ಹಾಗೆ. ಈ ಅರಿವನ್ನು ಮೃಗಾಲಯವೇ ಕೊಟ್ಟಿತೆಂಬುದನ್ನು ಒಪ್ಪಬೇಕು. ಆದರೆ ಹರದಾರಿಯಾಚೆಗೂ ಕರೆಯಬಲ್ಲ ಪ್ರಾಣಿಯನ್ನು ಬಂಧುಗಳ ಕರೆ ಮುಟ್ಟದ ಕಡೆ ಇಡುವುದು ಎಷ್ಟು ಉಚಿತವೆಂಬ ಪ್ರಶ್ನೆಯನ್ನೂ ಆ ಅರಿವೇ ಎತ್ತುತ್ತದೆ.

ಸಾಗಾಟವೆಲ್ಲ ಕೆಟ್ಟದ್ದೆಂದು ನಮ್ಮ ವಾದವಲ್ಲ. ನಮ್ಮ ನೆರೆಯ ಕೊಲ್ಲಾಪುರದ ಜ್ಯೋತಿಬಾ ದೇವಾಲಯದಲ್ಲಿ ಸಂಕೋಲೆಯಲ್ಲಿದ್ದ ಸುಂದರನೆಂಬ ಆನೆಯನ್ನು 2014ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ಇದೇ ಬನ್ನೇರುಘಟ್ಟಕ್ಕೆ ತರಲಾಯಿತು. ಅದು ಒಂಟಿತನದಿಂದ ಸಂಗದ ಕಡೆಗೆ, ಕಲ್ಲುನೆಲದಿಂದ ಮಣ್ಣಿನ ಕಡೆಗೆ ಮಾಡಿದ ಪಯಣ. ಸಾಗಾಟ ಸರಿಯೋ ತಪ್ಪೋ ಎಂಬುದನ್ನು ಅಳೆಯಲು ಇದೇ ಒರೆಗಲ್ಲು. ಕೇಂದ್ರೀಯ ಮೃಗಾಲಯ ಪ್ರಾಧಿಕಾರವು 2009ರಲ್ಲಿ, ಮೃಗಾಲಯಗಳ ಆನೆಗಳನ್ನು ಅರಣ್ಯ ಶಿಬಿರಗಳಿಗೂ ಅಭಯಾರಣ್ಯಗಳಿಗೂ ಕಳುಹಿಸಬೇಕೆಂದು ಹೇಳಿದ್ದರ ಆಶಯವೂ ಇದೇ. ಶಿಬಿರಗಳಲ್ಲಿಯೂ ಸರಪಳಿಯುಂಟು, ದುಡಿಮೆಯುಂಟು, ನಿಜ. ಆದರೂ ಅಲ್ಲಿ ಕಾಡಿನ ಮೇವುಂಟು, ಹೊಳೆಯುಂಟು, ಜಾತಿಬಂಧುಗಳ ಸಂಗವುಂಟು. ಹಿಂಡು ಹೆಚ್ಚಿದರೆ ಮೊದಲು ನೋಡಬೇಕಾದದ್ದು ಆ ದಿಕ್ಕಿಗೆ, ವಿನಿಮಯದ ಪಟ್ಟಿಯನ್ನಲ್ಲ.

ಇನ್ನು ತೆರವಾಗುವ ಅಂಗಳದ ಮಾತು. ಅಮೆರಿಕದ ಡೆಟ್ರಾಯಿಟ್ ಮೃಗಾಲಯವು 2005ರಲ್ಲಿ ತನ್ನ ಎರಡು ಆನೆಗಳನ್ನು ಕ್ಯಾಲಿಫೋರ್ನಿಯದ ಆಶ್ರಯಧಾಮಕ್ಕೆ ಕಳುಹಿಸಿ, ಆ ಜಾಗವನ್ನು ಖಡ್ಗಮೃಗಗಳಿಗೆ ಬಿಟ್ಟುಕೊಟ್ಟಿತು. ಮತ್ತೆ ಆನೆಯನ್ನು ತರಲಿಲ್ಲ. ನಮ್ಮಲ್ಲಿಯೂ ಆನೆ ಹೋದ ಎಡೆಗೆ ಇನ್ನೊಂದು ಆನೆಯನ್ನು ತರಬಾರದು. ಉಳಿದ ಹಿಂಡಿಗೆ ಆ ನೆಲವನ್ನು ಸೇರಿಸಬಹುದು. ಹಿಂಡೇ ಉಳಿಯದಿದ್ದರೆ ಆನೆಯ ಪಥ, ಮೇವು, ಧ್ವನಿ, ಕುಟುಂಬಗಳನ್ನು ತಿಳಿಸುವ ಶಾಲೆಯನ್ನು ಅಲ್ಲಿ ಕಟ್ಟಬಹುದು.

ಹಾಗಾದರೆ ನಮ್ಮ ಬಯಲುಸೀಮೆಯ ಮಕ್ಕಳು ಆನೆಯನ್ನು ನೋಡುವುದೇ ಬೇಡವೆ? ಉಪಾಧ್ಯಾಯರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು. ಆದರೆ ನಿಂತಲ್ಲೇ ತೂಗಾಡುವ ಆನೆಯನ್ನು ಕಂಡ ಮಗು ಆನೆಯನ್ನು ಕಂಡಂತಾಗದು. ಸೆರೆಯನ್ನು ಕಂಡಂತಾಗುತ್ತದೆ, ಅದನ್ನೇ ಸಹಜವೆಂದು ನಂಬುತ್ತದೆ. ಕರ್ನಾಟಕದ ಕಾಡುಗಳಲ್ಲಿ ಇಂದಿಗೂ ಸುಮಾರು ಆರು ಸಾವಿರ ಆನೆಗಳಿವೆ. ಪ್ರವಾಸದ ಬಸ್ಸು ಅವುಗಳ ಕಾಡಿನ ಅಂಚಿನವರೆಗೆ ಹೋಗಲಿ. ಒಮ್ಮೊಮ್ಮೆ ಆನೆಯನ್ನು ಕಾಣದೆಯೇ ಹಿಂದಿರುಗಲಿ. ಲದ್ದಿಯನ್ನೂ ಹೆಜ್ಜೆಯ ಗುರುತನ್ನೂ ಕಂಡು ಬಂದ ಮಗು ಕಡಮೆಯೇನನ್ನೂ ಕಲಿತಿರುವುದಿಲ್ಲ.

‘ಆನೆ ನಡೆದದ್ದೇ ದಾರಿ’ ಎಂದು ಗಾದೆ ಮಾಡಿದವರು ನಾವು. ಮೃಗಾಲಯದ ಆನೆಯ ದಾರಿಯನ್ನು ಮಾತ್ರ ನಾವೇ ಗೊತ್ತುಮಾಡುತ್ತಿದ್ದೇವೆ. ಹಾಗೆ ಗೊತ್ತುಮಾಡುವವರು ಪ್ರತಿಯೊಂದು ಸಾಗಾಟಕ್ಕೂ ಮುನ್ನ, ಇದರಿಂದ ಆನೆಗೇನು ಲಾಭವೆಂಬುದನ್ನು ಜನರ ಮುಂದೆ ಬರೆದಿಡಲಿ. ಉತ್ತರ ದೊರೆಯದಿದ್ದಲ್ಲಿ ಆನೆ ಇದ್ದಲ್ಲೇ, ತನ್ನವರ ನಡುವೆಯೇ ಇರಲಿ.