ಕುಣಿಯುವ ಗೊಂಬೆ, ಕುಣಿಸುವ ಕೈ

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಪ್ರೌಢಶಾಲೆಯ ಪ್ರಬಂಧಗಳಲ್ಲಿ ವಿಸ್ತರಿಸಿ ಬರೆದವರೇ. ಬರೆದು ಅಂಕಗಳನ್ನು ಗಳಿಸಿದೆವು. ಗಾದೆಯನ್ನು ಅಲ್ಲಿಯೇ ಬಿಟ್ಟು ಬಂದೆವು. 2025ನೆಯ ಇಸವಿಯಲ್ಲಿ ನಡೆದ ಮೂರು ಸಂಗತಿಗಳು ಆ ಗಾದೆಯನ್ನು ನನಗೆ ಮತ್ತೆ ನೆನಪಿಸಿದವು. ಅವು ಮೂರೂ ಚಿತ್ರಗಳಿಗೆ ಜೀವ ತುಂಬಿ ಕುಣಿಸುವ ಕಲೆಗೆ ಸಂಬಂಧಪಟ್ಟವು. ಇಂಗ್ಲಿಷಿನವರು ಅನಿಮೇಷನ್ ಎನ್ನುವ ಈ ಕಲೆ ಮಕ್ಕಳ ಆಟವೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಅದು ಹಾಗಲ್ಲವೆಂದೂ, ನಮ್ಮ ಸೀಮೆಯ ಮಟ್ಟಿಗೆ ಅದು ಅನ್ನದ ಹಾಗೂ ಭಾಷೆಯ ಪ್ರಶ್ನೆಯೆಂದೂ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಆ ಮೂರು ಸಂಗತಿಗಳನ್ನು ಹೇಳುತ್ತೇನೆ. 2025ರ ಜನೇವರಿ 24ರಂದು, ಭಾರತ ಮತ್ತು ಜಪಾನಿನ ಕಲಾವಿದರು ಕೂಡಿ ತೊಂಬತ್ತರ ದಶಕದ ಆರಂಭದಲ್ಲಿ ರಚಿಸಿದ್ದ ರಾಮಾಯಣದ ಅನಿಮೇಷನ್ ಚಿತ್ರವು ನಮ್ಮ ದೇಶದ ಚಿತ್ರಮಂದಿರಗಳಿಗೆ ಹೊಸದಾಗಿ ಬಂದಿತು. ಅದನ್ನು ಯುಗೋ ಸಾಕೋ ಎಂಬ ಜಪಾನೀಯರೂ ನಮ್ಮವರೇ ಆದ ರಾಮಮೋಹನರೂ ಕೂಡಿ ನಿರ್ದೇಶಿಸಿದ್ದರು. ಅದರ ಮರುದಿನವೇ, ಅಂದರೆ ಜನೇವರಿ 25ರಂದು, ಪದ್ಮ ಪ್ರಶಸ್ತಿಗಳ ಪಟ್ಟಿ ಪ್ರಕಟವಾಯಿತು. ಅದರಲ್ಲಿ ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಭೀಮವ್ವ ಶಿಳ್ಳೇಕ್ಯಾತರ ಅವರ ಹೆಸರಿತ್ತು. ತೊಗಲುಗೊಂಬೆ ಆಡಿಸುವುದರಲ್ಲಿಯೇ ಬಾಳನ್ನು ಸವೆಸಿದ ಆ ಹಿರಿಯ ಜೀವಕ್ಕೆ ಆಗ ತೊಂಬತ್ತಾರು ವರ್ಷ. ಮೂರನೆಯದಾಗಿ, ಅದೇ ಜುಲೈ 25ರಂದು ಅಶ್ವಿನ್ ಕುಮಾರ್ ಅವರು ನಿರ್ದೇಶಿಸಿದ, ಬೆಂಗಳೂರಿನ ಹೊಂಬಾಳೆ ಸಂಸ್ಥೆಯು ಅರ್ಪಿಸಿದ ‘ಮಹಾವತಾರ ನರಸಿಂಹ’ ಬಿಡುಗಡೆಯಾಯಿತು. ಅದರ ಗಳಿಕೆ ಮುನ್ನೂರು ಕೋಟಿ ರೂಪಾಯಿಗಳನ್ನು ದಾಟಿತು. ಭಾರತದ ಯಾವ ಅನಿಮೇಷನ್ ಚಿತ್ರವೂ ಅದಕ್ಕೆ ಮೊದಲು ಆ ಮೊತ್ತದ ಹತ್ತಿರ ಸುಳಿದಿರಲಿಲ್ಲ.

ಈ ಚಿತ್ರವನ್ನು ನೋಡಲು ನಾನು ನನ್ನ ಅಜ್ಜಿಯನ್ನು ಬೆಟಗೇರಿಯಿಂದ ಗದಗಿನ ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಿದ್ದೆ. ಪ್ರಹ್ಲಾದನ ಕಥೆಯೆಂದ ಮೇಲೆ ಅವಳು ಬರಲು ಒಪ್ಪಿದಳು. ಕಂಬ ಒಡೆದು ನರಸಿಂಹನು ಹೊರಬಂದಾಗ ಕೈ ಮುಗಿದಳು. ಹೊರಗೆ ಬಂದ ಮೇಲೆ ಅವಳು ಕೇಳಿದ್ದು ಇಷ್ಟು:

“ಇದು ನಮ್ಮ ಕ್ಯಾತರ ಆಟನ ಅಲ್ಲೇನವ್ವಾ? ಪರದೆ ಒಂದು ದೊಡ್ಡದಾಗೈತಿ. ಹೌದು, ಕುಣಿಸಾಂವ ಎಲ್ಲಿ ಕುಂತಿದ್ದ?”

“ದೂರದ ಊರಾಗ, ಕಂಪ್ಯೂಟರ್ ಮುಂದ ಕುಂತಿರ್ತಾರ, ಅಜ್ಜಿ” ಎಂದೆ.

“ಮತ್ತ ನಮ್ಮ ಕ್ಯಾತರ ಹುಡುಗರು ಎಲ್ಲಿ ಹೋದ್ರು?”

ನಾನು ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದರ ಫಲವೇ ಈ ನಾಲ್ಕು ಮಾತುಗಳು.

ಅಜ್ಜಿಯ ಮಾತು ಅಜ್ಞಾನದ ಮಾತೆಂದು ಯಾರೂ ನಗಬಾರದು. ಜಗತ್ತಿನಲ್ಲಿ ಇಂದಿಗೂ ಉಳಿದುಬಂದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು 1926ರಲ್ಲಿ ಜರ್ಮನಿಯಲ್ಲಿ ತೆರೆಕಂಡ, ರಾಜಕುಮಾರ ಅಹಮದನ ಸಾಹಸಗಳ ಚಿತ್ರ. ಅದನ್ನು ಮಾಡಿದವರು ಲೊಟ್ಟೆ ರೈನಿಗರ್ ಎಂಬ ಮಹಿಳೆ. ಅವರು ರಟ್ಟನ್ನು ಕತ್ತರಿಸಿ ಗೊಂಬೆಗಳನ್ನು ಮಾಡಿದರು. ಕೈಕಾಲುಗಳ ಸಂದಿಗೆ ತಂತಿ ಕಟ್ಟಿದರು. ಗಾಜಿನ ಮೇಲೆ ಮಲಗಿಸಿ ಕೆಳಗಿನಿಂದ ಬೆಳಕು ಬಿಟ್ಟರು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರವನ್ನು ತೆಗೆದರು. ಮೂರು ವರ್ಷ ಈ ತಪಸ್ಸು ನಡೆಯಿತು. ಈಗ ನಮ್ಮ ತೊಗಲುಗೊಂಬೆಯನ್ನು ನೆನಪಿಸಿಕೊಳ್ಳಿ. ಆಡಿನ ಅಥವಾ ಜಿಂಕೆಯ ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಆಕಾರ ಕತ್ತರಿಸಿ, ಬಣ್ಣ ತುಂಬಿ, ಆಭರಣಗಳ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ಕೈಕಾಲುಗಳನ್ನು ಸಂದಿನಲ್ಲಿ ಪೋಣಿಸುತ್ತಾರೆ. ಬಿಳಿಯ ಪರದೆಯ ಹಿಂದೆ ದೀಪವಿಡುತ್ತಾರೆ. ಜರ್ಮನಿಯ ಆ ಗೊಂಬೆಗಳು ಬರಿಯ ಕಪ್ಪು ನೆರಳು. ನಮ್ಮವು ಬಣ್ಣದ ನೆರಳು. ಅಲ್ಲಿ ಕ್ಯಾಮರಾ ಇತ್ತು, ಇಲ್ಲಿ ಇರಲಿಲ್ಲ. ಮಿಕ್ಕಂತೆ ಎರಡೂ ಒಂದೇ ತಾಯಿಯ ಮಕ್ಕಳು.

ನಮ್ಮ ದೇಶವೂ ಈ ದಾರಿಯಲ್ಲಿ ತಡವಾಗಿ ಹೊರಟದ್ದಲ್ಲ. ದಾದಾಸಾಹೇಬ ಫಾಲ್ಕೆಯವರು 1915ರಲ್ಲಿಯೇ ಬೆಂಕಿಕಡ್ಡಿಗಳನ್ನು ಕುಣಿಸಿ ಕಿರುಚಿತ್ರವೊಂದನ್ನು ಮಾಡಿದರು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ಫಿಲಂಸ್ ಡಿವಿಜನ್ 1956ರಲ್ಲಿ ಡಿಸ್ನಿ ಸಂಸ್ಥೆಯ ಕ್ಲೇರ್ ವೀಕ್ಸ್ ಎಂಬವರನ್ನು ಕರೆಸಿ ನಮ್ಮ ತರುಣರಿಗೆ ತರಬೇತಿ ಕೊಡಿಸಿತು. ಮೇಲೆ ಹೇಳಿದ ರಾಮಮೋಹನರು ಆ ಮೊದಲ ತಂಡದಲ್ಲಿ ಕಲಿತವರು. ಜಾತಕ ಕಥೆಯೊಂದನ್ನು ಆಧರಿಸಿದ ಜಿಂಕೆಯ ಚಿತ್ರ 1957ರಲ್ಲಿ ಸಿದ್ಧವಾಯಿತು. ಆದರೆ ಮುಂದೆ ಈ ವಿದ್ಯೆ ಮುಂಬಯಿ, ಬೆಂಗಳೂರು, ಹೈದರಾಬಾದುಗಳಲ್ಲಿ ಬೆಳೆಯಿತು. ಅಲ್ಲಿಯೂ ಬಹುಕಾಲ ಪರದೇಶದವರ ಚಿತ್ರಗಳಿಗೆ ಕೂಲಿಯ ಕೆಲಸ ಮಾಡಿಕೊಡುವುದರಲ್ಲಿಯೇ ದಿನ ಕಳೆಯಿತು. ಕರ್ನಾಟಕ ಸರ್ಕಾರವು ಈ ಉದ್ಯಮಕ್ಕಾಗಿ 2012ರಲ್ಲಿ ದೇಶದಲ್ಲಿಯೇ ಮೊದಲನೆಯದಾಗಿ ಒಂದು ನೀತಿಯನ್ನು ಪ್ರಕಟಿಸಿತು. 2024ರಲ್ಲಿ ಅದನ್ನು ಹೊಸದಾಗಿ ರೂಪಿಸಿತು. ಸಂತೋಷ. ಆದರೆ ಶಿರಹಟ್ಟಿಯ, ಮುಂಡರಗಿಯ ಹುಡುಗನೊಬ್ಬನಿಗೆ ಈ ವಿದ್ಯೆ ಬೇಕೆನಿಸಿದರೆ ಅವನು ಮೊದಲು ಬೆಂಗಳೂರಿನ ರೈಲು ಹತ್ತಬೇಕು.

ಇನ್ನು ಭಾಷೆಯ ಮಾತು. ನನ್ನ ಅಣ್ಣನ ಮಗ ಆರು ವರ್ಷದವನು. ಅವನು ಮೊಬೈಲಿನಲ್ಲಿ ನೋಡುವ ಕಾರ್ಟೂನುಗಳೆಲ್ಲ ಹಿಂದಿಯವು. ಒಂದು ದಿನ ಅವನು ಅಂಗಳದಲ್ಲಿ ಓಡುತ್ತ “ದಾದೀ, ಬಚಾವೋ!” ಎಂದು ಕೂಗಿದ. ಅಜ್ಜಿ ಗಾಬರಿಯಾಗಿ, “ಕೂಸು ಏನಂತೈತಿ?” ಎಂದು ನನ್ನನ್ನು ಕೇಳಿದಳು. ಆಟದ ಮಾತೆಂದು ನಾವೆಲ್ಲರೂ ನಕ್ಕೆವು. ಆದರೆ ಅಜ್ಜಿಗೂ ಮೊಮ್ಮಗನಿಗೂ ನಡುವೆ ಒಬ್ಬ ದುಭಾಷಿ ಬೇಕಾದುದು ನಗುವ ಸಂಗತಿಯೇ?

ನನ್ನ ಅವ್ವನ ತವರು ಲಕ್ಷ್ಮೇಶ್ವರ. ಅದು ಹಿಂದಿನ ಪುಲಿಗೆರೆ. ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ಹೆಸರು ಹೇಳುತ್ತದೆ. ತನ್ನ ಕಾವ್ಯದ ಭಾಷೆ ಈ ಪುಲಿಗೆರೆಯದೆಂದು ಪಂಪನು ಹೆಮ್ಮೆಯಿಂದ ಹೇಳಿಕೊಂಡನು. ಗದುಗಿನಲ್ಲಿ ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದನು. ಇಂಥ ನೆಲದ ಕೂಸಿಗೆ ಭೀಮ, ಕೃಷ್ಣ, ಹನುಮಂತರು ಹಿಂದಿಯಲ್ಲಿಯೇ ಮಾತನಾಡುತ್ತಾರೆ! ಹಿಂದಿಯ ಮೇಲೆ ನನಗೆ ದ್ವೇಷವಿಲ್ಲ; ನಾನೂ ಅದನ್ನು ಕಲಿತಿದ್ದೇನೆ. ಆದರೆ ಮನೆಯ ಮಾತು ಬೇರೂರುವುದಕ್ಕೆ ಮೊದಲೇ ಪರಮಾತು ಆ ಜಾಗವನ್ನು ಹಿಡಿದರೆ ನಷ್ಟ ಯಾರದು?

ಇದಕ್ಕೆ ನಮ್ಮವರದೂ ಒಂದು ಪಾಲು ಹೊಣೆಯಿದೆ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟುಪಾಡು ನಮ್ಮ ಚಿತ್ರರಂಗದಲ್ಲಿ ದಶಕಗಳ ಕಾಲ ನಡೆಯಿತು. ಕನ್ನಡದ ಕಲಾವಿದರಿಗೆ ಕೆಲಸ ತಪ್ಪಬಾರದೆಂಬ ಉದ್ದೇಶ ಅದರ ಹಿಂದಿತ್ತು; ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅದರ ಬಿಸಿ ತಗಲಿದ್ದು ಮಕ್ಕಳಿಗೆ. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನು ಕನ್ನಡದಲ್ಲಿ ಮಾತನಾಡಿತೆಂದು ಮಕ್ಕಳು ಹಿಗ್ಗಿದರು. ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯ ವಿರುದ್ಧ ತೀರ್ಪಿತ್ತದ್ದು 2015ರಲ್ಲಿ. ಆದರೂ ಹತ್ತು ವರ್ಷಗಳ ನಂತರ, 2025ರ ಜನೇವರಿಯಲ್ಲಿ ಆ ರಾಮಾಯಣ ಬಂದಾಗ ರಾಮನು ಹಿಂದಿ, ತಮಿಳು, ತೆಲುಗು, ಇಂಗ್ಲಿಷುಗಳಲ್ಲಿ ಮಾತನಾಡಿದನು, ಕನ್ನಡದಲ್ಲಿ ಆಡಲಿಲ್ಲ. ಅದೇ ವರ್ಷದ ಜುಲೈನಲ್ಲಿ ಪ್ರಹ್ಲಾದನು ಕನ್ನಡದಲ್ಲಿ ಮಾತನಾಡಿದನು. ನನ್ನ ಅಜ್ಜಿ ಚಿತ್ರಮಂದಿರಕ್ಕೆ ಬಂದಳು. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ: ಕ್ಯಾತರ ಹುಡುಗರು ಎಲ್ಲಿ ಹೋದರು? ಹಿಂದೆ ಮಳೆ ಹೋದರೆ ಊರವರು ಅವರನ್ನು ಕರೆಸಿ ಆಟ ಆಡಿಸುತ್ತಿದ್ದರು. ರಾಮಾಯಣ, ಭಾರತಗಳ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಜನರನ್ನು ನಗಿಸುತ್ತಿದ್ದರು. ದೂರದರ್ಶನ ಬಂದ ಮೇಲೆ ಕರೆಯುವವರು ಕಡಿಮೆಯಾದರು. ಹುಡುಗರು ಗೌಂಡಿ ಕೆಲಸಕ್ಕೆ, ಕೂಲಿಗೆ, ದೂರದ ಊರುಗಳಿಗೆ ಹೋದರು. “ಎಂಥ ಅನ್ಯಾಯ! ಅವರು ತಮ್ಮ ಕಲೆಯನ್ನು ಬಿಡಬಾರದಾಗಿತ್ತು” ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಈ ಮಾತನ್ನು ನಾನು ಒಪ್ಪಲಾರೆ. ಏಕೆಂದರೆ ನಾನೂ ಬಿಟ್ಟು ಬಂದವಳೇ. ನನ್ನ ಅಪ್ಪ ಬೆಟಗೇರಿಯಲ್ಲಿ ಮಗ್ಗದ ಮೇಲೆ ಕುಳಿತು ಲಾಳಿ ಎಸೆದು ನನ್ನನ್ನು ಓದಿಸಿದ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. “ನೀ ಮತ್ತ ಈ ಮಗ್ಗಕ್ಕ ಬರಬ್ಯಾಡ” ಎಂದು ಅಪ್ಪ ಹೇಳಿದಾಗ ನನಗೆ ಹಗುರವೆನಿಸಿತು. ರಾತ್ರಿ ಮಗ್ಗದ ಸಪ್ಪಳ ಕೇಳಿದಾಗ ಸಂಕಟವೂ ಆಯಿತು. ಮಗ್ಗ ಬಿಟ್ಟು ಬಂದ ನಾನು ಗೊಂಬೆಯ ಪೆಟ್ಟಿಗೆಯನ್ನು ಹೊತ್ತುಕೊಂಡೇ ಇರೆಂದು ಇನ್ನೊಬ್ಬನಿಗೆ ಯಾವ ಬಾಯಿಂದ ಹೇಳಲಿ? ಹಸಿದವನು ಕಲೆಯನ್ನು ಉಳಿಸಲಾರ. ಕಲೆ ಅವನಿಗೆ ಅನ್ನ ಕೊಟ್ಟರೆ ಅವನೇ ಅದನ್ನು ಉಳಿಸಿಯಾನು.

ಆದ್ದರಿಂದ ನನ್ನ ವಾದವಿಷ್ಟು. ತೊಂಬತ್ತಾರನೆಯ ವಯಸ್ಸಿನಲ್ಲಿ ದೊರೆತ ಸನ್ಮಾನವನ್ನು ಮೊಮ್ಮಕ್ಕಳಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ ದೊರೆಯುವ ಉದ್ಯೋಗವನ್ನಾಗಿ ಬೆಳೆಸಬೇಕು. ಮುನ್ನೂರು ಕೋಟಿ ಗಳಿಸುವ ಕಲೆಗೂ ಮೂವತ್ತು ಜನರ ಮುಂದೆ ಆಡುವ ಕಲೆಗೂ ಮೂಲದ್ರವ್ಯ ಒಂದೇ: ಗೊಂಬೆಯ ಯಾವ ಸಂದನ್ನು ಎಷ್ಟು ಅಲುಗಿಸಿದರೆ ಸಿಟ್ಟು ಕಾಣುತ್ತದೆ, ಎಷ್ಟು ಬಾಗಿಸಿದರೆ ದುಃಖ ಕಾಣುತ್ತದೆ ಎಂಬ ಅರಿವು. ಆ ಅರಿವು ನಮ್ಮ ಸುತ್ತಮುತ್ತ ತಲೆಮಾರುಗಳಿಂದ ಇದೆ. ಇಲ್ಲದಿರುವುದು ಯಂತ್ರ ಮತ್ತು ಸಂಬಳ.

“ತೊಗಲುಗೊಂಬೆಯನ್ನು ಕಂಪ್ಯೂಟರಿಗೆ ಒಯ್ದರೆ ಅದರ ಪಾವಿತ್ರ್ಯ ಕೆಡುವುದಿಲ್ಲವೇ?” ಎಂದು ಕೆಲವರು ಕೇಳಬಹುದು. ಗೊಂಬೆಯಾಟದವರು ದೀಪದ ಜಾಗದಲ್ಲಿ ವಿದ್ಯುದ್ದೀಪವನ್ನು ಇಟ್ಟರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನೇ ತೊಗಲುಗೊಂಬೆಯಲ್ಲಿ ಆಡಿಸಿದರು. ಕಲೆ ಕೆಟ್ಟಿತೇ? ಇಲ್ಲ, ಹೊಸ ನೋಡುಗರನ್ನು ಪಡೆಯಿತು. ಇನ್ನು ಕೆಲವರು, “ಬಿ.ಎ. ಓದುವವರಿಗೆ ಇದೆಲ್ಲ ಏಕೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದಲಿ” ಎನ್ನಬಹುದು. ಓದೋಣ, ನಾನೂ ಓದುತ್ತಿದ್ದೇನೆ. ಆದರೆ ಹುದ್ದೆಗಳು ಬೆರಳೆಣಿಕೆ, ಬರೆಯುವವರು ಲಕ್ಷ. ಕಥೆ ಕಟ್ಟುವವರು, ಮಾತು ಬರೆಯುವವರು, ಇತಿಹಾಸ ತಿಳಿದವರು ಈ ಹೊಸ ಉದ್ಯಮಕ್ಕೂ ಬೇಕು. ಅವರು ಕಲಾವಿಭಾಗದಿಂದ ಬಾರದೆ ಮತ್ತೆಲ್ಲಿಂದ ಬರಬೇಕು?

ಸರ್ಕಾರ ಮಾಡಲೆಂದು ಕೈಕಟ್ಟಿ ಕೂಡುವುದೂ ಸಲ್ಲದು. ನಮ್ಮ ಕಾಲೇಜಿಗೇ ಸಾಧ್ಯವಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಸಲ ಬಳಸಿದರೆ 12 ಸಾಕು. ಹಾಗೆ ಲೆಕ್ಕ ಹಾಕಿದರೆ ಐದು ನಿಮಿಷದ ಚಿತ್ರಕ್ಕೆ 3,600 ಚಿತ್ರಗಳು ಬೇಕು. ಮೂವತ್ತು ವಿದ್ಯಾರ್ಥಿಗಳು ಕೂಡಿದರೆ ತಲೆಗೆ 120. ರಟ್ಟಿನ ಗೊಂಬೆ, ಒಂದು ಬಿಳಿ ಧೋತರ, ಒಂದು ದೀಪ, ಒಂದು ಮೊಬೈಲು: ಇಷ್ಟೇ ಸಾಮಗ್ರಿ. ಗೊಂಬೆ ಕಡಿಯುವುದನ್ನೂ ಕುಣಿಸುವುದನ್ನೂ ಕಲಿಸಲು ಕೊಪ್ಪಳದ ಕಡೆಯ ಕಲಾವಿದರನ್ನು ಅತಿಥಿ ಅಧ್ಯಾಪಕರ ಗೌರವದಿಂದ ಕರೆಸೋಣ; ಬರಿಯ ಶಾಲು ಹೊದಿಸಿ ಕಳಿಸದೆ ಸಂಭಾವನೆ ಕೊಡೋಣ. ಅವರ ಆಟಗಳನ್ನು ಅವರ ಹೆಸರಿನಲ್ಲಿಯೇ ದಾಖಲಿಸೋಣ. ಇದಕ್ಕೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವನ್ನು ಕೇಳಿಕೊಳ್ಳಬಹುದು. ಅದು ನಮಗೆ ದೂರವೇನಲ್ಲ. ಮಾತುಗಳು ಮಾತ್ರ ನಮ್ಮ ಸೀಮೆಯ ಕನ್ನಡದಲ್ಲಿಯೇ ಇರಲಿ. ಕಿಳ್ಳೇಕ್ಯಾತ ಗ್ರಂಥದ ಭಾಷೆ ಆಡಿದರೆ ಯಾರೂ ನಗುವುದಿಲ್ಲ.

ಇದರಿಂದ ಕೋಟಿಗಳು ಬಾರವು, ನಿಜ. ಆದರೆ ಆ ಮೂವತ್ತರಲ್ಲಿ ಒಬ್ಬನಿಗೋ ಒಬ್ಬಳಿಗೋ ದಾರಿ ಕಾಣಬಹುದು. ಆ ಐದು ನಿಮಿಷದ ಚಿತ್ರವನ್ನು ನಾನು ನಮ್ಮ ಮನೆಯ ಹುಡುಗನಿಗೆ ತೋರಿಸುತ್ತೇನೆ. ಪಕ್ಕದಲ್ಲಿ ಅಜ್ಜಿ ಕುಳಿತಿರುತ್ತಾಳೆ. ಅವರಿಬ್ಬರೂ ಒಂದೇ ಮಾತಿಗೆ ಒಂದೇ ಗಳಿಗೆಯಲ್ಲಿ ನಕ್ಕರೆ, ನಡುವೆ ದುಭಾಷಿಯ ಕೆಲಸ ನನಗೆ ತಪ್ಪಿದರೆ, ನಾನು ಪಡೆದ ವಿದ್ಯೆ ಸಾರ್ಥಕವಾಯಿತೆಂದು ತಿಳಿಯುತ್ತೇನೆ. ಗುರುಗಳೂ ಗೆಳೆಯರೂ ಈ ಸೂಚನೆಯನ್ನು ಪರಾಮರ್ಶಿಸಬೇಕು. ನನ್ನ ವಿಚಾರದಲ್ಲಿ ತಪ್ಪಿದ್ದರೆ ತಿದ್ದಬೇಕು. ಸರಿಯೆನಿಸಿದರೆ ಮುಂದಿನ ವರ್ಷದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು. ಹಿತ್ತಲ ಗಿಡ ಮದ್ದು ಹೌದೋ ಅಲ್ಲವೋ ಎಂಬುದು ಅದನ್ನು ಅರೆದು ಕುಡಿದ ಮೇಲಲ್ಲವೇ ತಿಳಿಯುವುದು?

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ