ಗಿಟಾರ್ ಬಿಚ್ಚೋಕೆ ಭಯ ಯಾಕೆ?

ನಮ್ಮ ಕಾಲೇಜಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಕೊಂಡಿರೋರು ಕಮ್ಮಿ ಏನಿಲ್ಲ. ಆದರೆ ಅದರ ಸ್ಕ್ರೂ ಬಿಚ್ಚಿ ಒಳಗೆ ನೋಡಿರೋರು ಎಷ್ಟು ಜನ? ಸೌಂಡ್ ಸರಿ ಇಲ್ಲ ಅಂದ್ರೆ ಸಿಗೋ ಸಲಹೆ ಎರಡೇ. "ಹೊಸದು ತಗೋ ಮಗಾ", ಇಲ್ಲಾಂದ್ರೆ "ಅಂಗಡಿಗೆ ಕೊಡು, ನೀನು ಮುಟ್ಟಬೇಡ". ನನ್ನ ಪ್ರಕಾರ ಎರಡೂ ಸರಿ ಇಲ್ಲ. ಪಿಕಪ್ ಬದಲಾಯಿಸೋದು ಎಂಜಿನಿಯರಿಂಗ್ ವಿದ್ಯಾರ್ಥಿ ತಾನೇ ಮಾಡಬೇಕಾದ ಕೆಲಸ.

ಪಿಕಪ್ ಅಂದ್ರೆ ಮಾಯೆ ಏನಲ್ಲ. ಆಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನ ಸಾವಿರಾರು ಸುತ್ತು ಸುತ್ತಿರ್ತಾರೆ, ಅಷ್ಟೇ. ಮೇಲಿರೋ ಸ್ಟೀಲ್ ತಂತಿ ಅಲುಗಾಡಿದಾಗ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮವೇ ಇದು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಟ್ಟ ನಿಯಮ ನಮ್ಮ ತೊಡೆ ಮೇಲೇ ಕೂತಿದೆ.

ಹಾಗಂತ ಇವತ್ತೇ ದುಡ್ಡು ಸುರಿಯಬೇಡಿ. 8,000 ರೂಪಾಯಿ ಗಿಟಾರ್‌ಗೆ 12,000 ರೂಪಾಯಿ ಪಿಕಪ್ ಹಾಕೋಕೆ ಮನೇಲಿ ದುಡ್ಡು ಕೇಳೋದು ನ್ಯಾಯ ಅಲ್ಲ. ಮೊದಲು ತುಕ್ಕು ಹಿಡಿದ ತಂತಿ ಬದಲಾಯಿಸಿ. ಆಮೇಲೆ ಪಿಕಪ್ ಎತ್ತರ ನೋಡಿ. ತುಂಬಾ ಹತ್ತಿರ ಇದ್ರೆ ಆಯಸ್ಕಾಂತ ತಂತಿಯನ್ನ ಎಳೆದು ಶ್ರುತಿ ಕೆಡಿಸುತ್ತೆ, ತುಂಬಾ ದೂರ ಇದ್ರೆ ಸೌಂಡ್ ಸಪ್ಪೆ. ಒಂದು ಸ್ಕ್ರೂಡ್ರೈವರ್ ಸಾಕು. ತಂತಿ ಮುಟ್ಟಿದಾಗ ಗುಂಯ್ ಅನ್ನೋ ಸದ್ದು ಕಮ್ಮಿ ಆಗೋ ಬದಲು ಜಾಸ್ತಿ ಆದ್ರೆ, ಗ್ರೌಂಡ್ ವೈರ್ ಬಿಟ್ಟಿರಬಹುದು. ಅದಕ್ಕೆ ಬೇಕಾಗಿರೋದು ಒಂದು ಹನಿ ಸೋಲ್ಡರ್.

ಇಷ್ಟಾದ ಮೇಲೂ ಗುಂಯ್ ನಿಲ್ಲದಿದ್ರೆ ಪಿಕಪ್ ಬಗ್ಗೆ ಯೋಚಿಸಿ. ಕೆಂಪಾಪುರದ ಪಿ.ಜಿ. ರೂಮುಗಳಲ್ಲಿ ಗೋಡೆ ತುಂಬಾ ವೈರು, ಪಕ್ಕದಲ್ಲೇ ಫ್ರಿಡ್ಜು, ಚಾರ್ಜರ್ರು. ಸಿಂಗಲ್ ಕಾಯಿಲ್ ಪಿಕಪ್ ಈ 50 ಹರ್ಟ್ಜ್ ಗಲಾಟೆಯನ್ನೆಲ್ಲ ಕೇಳಿಸ್ಕೊಳ್ಳುತ್ತೆ. ಇದಕ್ಕೆ ಉತ್ತರವಾಗಿ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ಮಾಡಿದರು. ಎರಡು ಕಾಯಿಲ್, ಉಲ್ಟಾ ಸುತ್ತು, ಉಲ್ಟಾ ಧ್ರುವ. ಹೊರಗಿನ ಗದ್ದಲ ಕಳೆದುಹೋಗುತ್ತೆ, ತಂತಿಯ ನಾದ ಕೂಡಿಕೊಳ್ಳುತ್ತೆ. ಸಿಂಗಲ್ ಕಾಯಿಲ್ ಜಾಗದಲ್ಲೇ ಕೂರೋ ಹಂಬಕರ್ ಕೂಡ ಇವೆ, ಮರ ಕೊರೀಬೇಕಿಲ್ಲ.

ಸಾಮಾನಿಗೆ ಹೆಬ್ಬಾಳದಿಂದ ಬಸ್ ಹತ್ತಿ ಎಸ್.ಪಿ. ರೋಡಿಗೆ ಹೋಗಿ. ಸೋಲ್ಡರಿಂಗ್ ಐರನ್ ಮಾತ್ರ 40 ವ್ಯಾಟ್‌ಗಿಂತ ಕಮ್ಮಿ ಬೇಡ, ಪಾಟ್‌ನ ಬೆನ್ನು ಬೇಗ ಬಿಸಿ ಆಗಲ್ಲ. ಬಿಚ್ಚೋ ಮುಂಚೆ ಪ್ರತಿ ವೈರಿನ ಫೋಟೋ ತೆಗೀರಿ. ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಆ ಪಿಕಪ್‌ನದೇ ಚಿತ್ರ ನೋಡಿ. ಹಾಕೋ ಮುಂಚೆ ಮಲ್ಟಿಮೀಟರ್ ಇಡಿ: ಸಾಮಾನ್ಯ ಸಿಂಗಲ್ ಕಾಯಿಲ್ ಸುಮಾರು 6 ಕಿಲೋ ಓಮ್, ಹಂಬಕರ್ ಸುಮಾರು 8 ತೋರಿಸುತ್ತೆ. ಏನೂ ತೋರಿಸದಿದ್ರೆ ಕಾಯಿಲ್ ಕಡಿದಿದೆ ಅಂತ ಅರ್ಥ. ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್ ಪಾಟ್, ಹಂಬಕರ್‌ಗೆ 500.

"ಶಾಕ್ ಹೊಡೆದ್ರೆ?" ಅಂತೀರಾ? ಕೇಬಲ್ ಕಿತ್ತಿಟ್ಟ ಗಿಟಾರ್ ಒಳಗೆ ಶಾಕ್ ಹೊಡೆಯೋಷ್ಟು ಕರೆಂಟ್ ಇರಲ್ಲ. ಆಂಪ್ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಉಳಿದಿರುತ್ತೆ. ವೈರ್ ತಪ್ಪಾದ್ರೆ? ಫೋಟೋ ನೋಡಿ ಮತ್ತೆ ಸೋಲ್ಡರ್ ಮಾಡಿ.

ಹೊಸ ಪಿಕಪ್‌ನಿಂದ ನಮ್ಮ ಬೆರಳು ಚುರುಕಾಗಲ್ಲ, ನಿಜ. ಆದರೆ ನಾಲ್ಕು ವರ್ಷ ಸರ್ಕ್ಯೂಟ್ ಓದಿ, ನಮ್ಮದೇ ವಸ್ತುವಿನ ಮುಚ್ಚಳ ತೆಗೆಯೋಕೆ ಇನ್ನೊಬ್ಬರನ್ನ ಕರೀಬೇಕು ಅಂದ್ರೆ, ಆ ಡಿಗ್ರಿ ಯಾಕೆ?