ಸಂಕಟ ಕೇಳುವ ವೈದ್ಯರು ಬೇಕು

೨೦೨೫ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಜನ ಜೀವ ಕೈಯಲ್ಲಿ ಹಿಡಿದು ಬದುಕಿದರು. ಹೃದಯಾಘಾತದ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದಿತು. ಪರೀಕ್ಷೆಗೆಂದು ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲವೆಂದು ಸರ್ಕಾರದ ತಜ್ಞರ ಸಮಿತಿ ವರದಿ ಕೊಟ್ಟಿತು. ವರದಿಯಿಂದಲೇ ಹೆದರಿಕೆ ಹೋದೀತೇ?

ಎದೆನೋವಿಗೆ ಪರೀಕ್ಷೆ ಬೇಕೇ ಬೇಕು. ಆದರೆ ‘ಇ.ಸಿ.ಜಿ. ಸರಿಯಿದೆ, ಹೋಗಿ’ ಎಂದರೆ ಸಾಲದು. ನಮ್ಮ ಮಾತಿನಲ್ಲಿ ‘ಸಂಕಟ’ವೆಂದರೆ ಮೈಯ ಬಾಧೆಯೂ ಹೌದು, ಮನಸ್ಸಿನ ದುಃಖವೂ ಹೌದು. ಅರಕಲಗೂಡಿನ ಹೊಗೆಸೊಪ್ಪು ಬೆಳೆಗಾರನಾಗಲಿ, ರಾತ್ರಿಪಾಳಿಯ ಕಾರ್ಮಿಕನಾಗಲಿ ‘ಸಂಕಟ’ ಎಂದಾಗ, ‘ಏನು ಚಿಂತೆ?’ ಎಂದು ವೈದ್ಯನು ಕೇಳಬೇಕು.

ಇದು ಕಲಿಸಬಹುದಾದ ವಿದ್ಯೆ. ರೋಗಿಯೊಡನೆ ಮಾತನಾಡುವ ರೀತಿ ೨೦೧೯ರಿಂದ ವೈದ್ಯಕೀಯ ಪಠ್ಯಕ್ರಮದಲ್ಲಿ ಸೇರಿದೆ. ಹಾಸನದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೆ ರೋಗಿಗಳ ಸಾಲು ಬಾಗಿಲಾಚೆ ಬೆಳೆದು, ಹಿರಿಯ ವೈದ್ಯರಿಗೇ ತಲೆಯೆತ್ತಲು ಬಿಡುವಿಲ್ಲದಿದ್ದರೆ ವಿದ್ಯಾರ್ಥಿಗಳು ಯಾರನ್ನು ನೋಡಿ ಕಲಿಯಬೇಕು?

ಆದ್ದರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರ ಸಂಖ್ಯೆ ಹೆಚ್ಚಬೇಕು. ವಿದ್ಯಾರ್ಥಿಗಳನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಆಸ್ಪತ್ರೆಗಳಿಗೂ ಕಳುಹಿಸಿ, ರೋಗಿಯ ಪಕ್ಕದಲ್ಲಿ ಕೂರಿಸಿ, ಈ ಸೀಮೆಯ ಕನ್ನಡದಲ್ಲಿ ಸಂಕಟ ಕೇಳುವುದನ್ನು ಕಲಿಸಬೇಕು. ಹಣ ಕೊಡಲಾರದವನಿಗೂ ಇದರ ಹಕ್ಕಿದೆ. ಸರ್ಕಾರ ಇತ್ತ ಗಮನ ಕೊಡುವುದೇ?